ದಾಂಡೇಲಿಯ ಮೂರು ಚಿತ್ರಗಳು, ಜೋಗದ ಒಂದು ಹಳೆಯ ಪಟ: ಯಾವುದನ್ನು ಹಂಚಿಕೊಳ್ಳಲಿ, ಯಾವುದನ್ನು ಇಟ್ಟುಕೊಳ್ಳಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ರಜೆಯಲ್ಲಿ ನಮ್ಮ ಮನೆಯ ಮೂರು ತಲೆಮಾರಿನವರು ಒಟ್ಟಿಗೆ ತೀರ್ಥಹಳ್ಳಿಯ ಕಡೆಯಿಂದ ಹೊರಟು, ಜೋಗದಲ್ಲಿ ಒಂದು ಹಗಲು ಕಳೆದು, ದಾಂಡೇಲಿಯ ಸುತ್ತಮುತ್ತ ಮೂರು ದಿನ ಇದ್ದು ಬಂದೆವು. ಊರಿಗೆ ಮರಳಿ ನೋಡಿದರೆ ನಾಲ್ಕು ಮೊಬೈಲು, ಒಂದು ಕ್ಯಾಮೆರಾ ಎಲ್ಲ ಸೇರಿ 600ಕ್ಕೂ ಮಿಕ್ಕಿ ಚಿತ್ರಗಳಿದ್ದವು. ಅವುಗಳಲ್ಲಿ 40ನ್ನು ಆರಿಸಿ ನೆಂಟರಿಗೂ ಇಲ್ಲಿನ ಗೆಳೆಯರಿಗೂ ತೋರಿಸಬೇಕೆಂದು ಕುಳಿತಾಗ, ಮೂರು ಚಿತ್ರಗಳ ಮುಂದೆ ನನ್ನ ಕೈ ತಡೆಯಿತು.

ಮೊದಲನೆಯದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯದು. ಎತ್ತರದ ಮರವೊಂದರ ಪೊಟರೆಯ ಮುಂದೆ ಗಂಡು ಹಕ್ಕಿ ಕಾಲೂರಿ ಕುಳಿತಿದೆ, ಅದರ ಹಳದಿ ಕೊಕ್ಕಿನ ತುದಿಯಲ್ಲಿ ಕೆಂಪು ಹಣ್ಣೊಂದಿದೆ, ಮಣ್ಣುಬಣ್ಣದ ಸಣ್ಣ ಸೀಳಿನಿಂದ ಒಳಗಿನ ಹೆಣ್ಣಿನ ಕೊಕ್ಕಿನ ಚೂಪು ಮಾತ್ರ ಕಾಣುತ್ತದೆ. ನಾನು ಇದುವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಇದು ಚೆನ್ನಾಗಿದೆ ಎಂದು ನನಗೆ ತೋರುತ್ತದೆ. ಎರಡನೆಯದು 11 ವರ್ಷದ ನನ್ನ ಮಗಳದು. ಕಾಳಿ ನದಿಯ ನೀರಿನಿಂದ ಈಗಷ್ಟೇ ಎದ್ದ ಅವಳ ಕೂದಲು ಹಣೆಗೆ ಅಂಟಿದೆ, ಕಣ್ಣು ಮುಚ್ಚಿದೆ, ಬಾಯಿ ತುಂಬ ನಗು. ಮನೆಯವರಿಗೆಲ್ಲ ಇಷ್ಟವಾದ ಆ ಚಿತ್ರವನ್ನು ಅವಳು ಮಾತ್ರ ಬೇಡವೆನ್ನುತ್ತಾಳೆ. ಮೂರನೆಯದು ನನ್ನ ತಂದೆಯವರದು. ಮಧ್ಯಾಹ್ನ ಊಟವಾದ ಮೇಲೆ ತಂಗಿದ್ದ ಮನೆಯ ಜಗಲಿಯ ಬೆತ್ತದ ಕುರ್ಚಿಯಲ್ಲಿ ಅವರು ಹಾಗೆಯೇ ನಿದ್ದೆಹೋಗಿದ್ದಾರೆ. ಊರುಗೋಲು ತೊಡೆಯ ಮೇಲಿದೆ, ಬಾಯಿ ತುಸು ತೆರೆದಿದೆ, ಚಪ್ಪಲಿ ಒಂದು ಕಾಲಿನಿಂದ ಜಾರಿದೆ.

ಇವಲ್ಲದೆ ಹಳೆಯ ಪಟವೊಂದಿದೆ. ಜೋಗಕ್ಕೆ ಹೋಗುವ ಹಿಂದಿನ ದಿನ ಅಮ್ಮ ನಡುಮನೆಯ ಗೋಡೆಯಿಂದ ಅದನ್ನು ಇಳಿಸಿ, ಧೂಳು ಒರೆಸಿ, ಹಿಂದಿನ ರಟ್ಟನ್ನು ಬಿಚ್ಚಿದರು. ಅಜ್ಜ ತಮ್ಮ ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದ ಚೌಕಾಕಾರದ ಕಪ್ಪುಬಿಳುಪು ಪಟ ಅದು. ಹಿಂದೆ ತುಂಬಿ ಧುಮ್ಮಿಕ್ಕುವ ಜೋಗ, ಮುಂದೆ ಕಟ್ಟೆಯ ಬಳಿ ಅಜ್ಜಿ, ಮೂವರು ಮಕ್ಕಳು, ತುದಿಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತ ತರುಣಿಯೊಬ್ಬಳು. ಹಿಂಬದಿಯಲ್ಲಿ ಅಜ್ಜನ ಕೈಬರಹದಲ್ಲಿ 'ಜೋಗ, 1973, ಮನೆಯವರು ಮತ್ತು ಮಕ್ಕಳು' ಎಂದಿದೆ. ನಾವು ಏಪ್ರಿಲಿನಲ್ಲಿ ಅದೇ ಜಾಗ ಹುಡುಕಿ ನಿಂತಾಗ ಬಂಡೆಯೇ ಹೆಚ್ಚು, ನೀರು ನಾಲ್ಕು ಎಳೆಯಷ್ಟೇ ಇತ್ತು. ಎರಡೂ ಚಿತ್ರಗಳನ್ನು ಜೊತೆಯಾಗಿಟ್ಟು ತೋರಿಸುವ ಆಸೆ ನನಗಿದೆ. ಆದರೆ ಪಟದ ಒಂದು ಮೂಲೆ ಗಾಜಿಗೆ ಕಚ್ಚಿಕೊಂಡಿದೆ. ತಿಳಿದವರು ದಯವಿಟ್ಟು ಹೇಳಿ.

ಕಾಡುಹಾದಿ

ನಾನು ಮಂಗಟ್ಟೆಯ ಚಿತ್ರದ ಬಗ್ಗೆಯಷ್ಟೇ ಬರೆಯುತ್ತೇನೆ. ನೀವು ವರ್ಣಿಸಿದ್ದನ್ನು ಓದಿದರೆ ಅದು ದೊಡ್ಡ ದಾಸಮಂಗಟ್ಟೆಯ ಗೂಡು ಎನಿಸುತ್ತದೆ. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ, ಅವುಗಳಿಗಾಗಿಯೇ ಅಲ್ಲಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿದ್ದಾರೆ. ಹೆಣ್ಣು ಪೊಟರೆಯೊಳಗೆ ಹೊಕ್ಕು, ಪೊಟರೆಯ ಬಾಯನ್ನು ಹಿಕ್ಕೆ ಮತ್ತು ಹಣ್ಣಿನ ಚರಟದಿಂದ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದರ ರೆಕ್ಕೆಪುಕ್ಕದ ಗರಿಗಳು ಉದುರಿ ಹೊಸತು ಮೂಡುವುದೂ ಅಲ್ಲಿಯೇ. ಅಂದರೆ ತಿಂಗಳುಗಟ್ಟಲೆ ತಾಯಿಯ ಮತ್ತು ಮರಿಯ ಹೊಟ್ಟೆ ಗಂಡು ತರುವ ಹಣ್ಣನ್ನೇ ನಂಬಿಕೊಂಡಿರುತ್ತದೆ.

ಗಂಡು ಬರುವ ಬಗೆಯನ್ನು ನಾನು ದೂರದಿಂದ ಹಲವು ಬಾರಿ ನೋಡಿದ್ದೇನೆ. ಗಂಟಲ ತುಂಬ ಬಸರಿಯ ಹಣ್ಣು ಹೊತ್ತು ತಂದರೂ ಅದು ನೇರವಾಗಿ ಗೂಡಿಗೆ ಇಳಿಯುವುದಿಲ್ಲ. ಪಕ್ಕದ ಮರದಲ್ಲಿ ಕುಳಿತು ಕತ್ತು ಹೊರಳಿಸಿ ಕೆಳಗೆ ನೋಡುತ್ತದೆ. ಬುಡದಲ್ಲಿ ಜನ ನಿಂತಿದ್ದರೆ ಅಲ್ಲಿಯೇ ಕುಳಿತಿರುತ್ತದೆ, ಜನ ಹೆಚ್ಚಾದರೆ ಹಾರಿಹೋಗುತ್ತದೆ. ಹೀಗೆ ತಪ್ಪಿದ ಪ್ರತಿ ಸುತ್ತಿಗೂ ಒಳಗಿನ ಜೀವಗಳಿಗೆ ಒಂದು ಹೊತ್ತಿನ ಊಟ ತಪ್ಪಿದಂತೆ. ಇನ್ನೂ ಒಂದು ಸಂಗತಿಯಿದೆ. ಮಂಗಟ್ಟೆಗಳು ಒಳ್ಳೆಯ ಪೊಟರೆ ಸಿಕ್ಕರೆ ವರ್ಷ ವರ್ಷವೂ ಅದಕ್ಕೇ ಮರಳುತ್ತವೆ. ಆದುದರಿಂದ ಗೂಡಿನ ಜಾಗ ಒಮ್ಮೆ ಬಯಲಾದರೆ ಆ ಮರ ಇರುವವರೆಗೂ ಬಯಲಾದಂತೆಯೇ.

ಚಿತ್ರದ ಕೆಳಗೆ ನೀವು ಊರಿನ ಹೆಸರು ಬರೆಯದಿದ್ದರೂ ಸಾಲದು. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ದಿನಾಂಕ, ಸಮಯಗಳ ಜೊತೆ ಅಕ್ಷಾಂಶ ರೇಖಾಂಶಗಳೂ ಸೇರಿಕೊಂಡಿರಬಹುದು, ಮತ್ತು ಅವು ಕೆಲವೇ ಮೀಟರುಗಳ ಅಂತರದಲ್ಲಿ ಮರವನ್ನು ತೋರಿಸಿಕೊಡುತ್ತವೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳುಹಿಸಿದರೆ ಆ ಮಾಹಿತಿ ಕಳಚಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಸ್ಪಷ್ಟತೆ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇಡೀ ಕಡತ ಹಾಗೆಯೇ ಹೋಗುತ್ತದೆ, ಜಾಗದ ಗುರುತೂ ಅದರೊಂದಿಗೆ ಹೋಗುತ್ತದೆ. ಎಚ್ಚರಿಕೆಯಿಂದ ಚಿತ್ರ ತೆಗೆಯುವವರೇ ಇಲ್ಲಿ ಹೆಚ್ಚು ಎಡವುತ್ತಾರೆ, ಏಕೆಂದರೆ ಸ್ಪಷ್ಟತೆಯ ಕಾಳಜಿ ಅವರಿಗೇ ಹೆಚ್ಚು.

ನಮ್ಮ ನಾಡಿನಲ್ಲಿ ಇ. ಹನುಮಂತರಾವ್, ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥವರು ಕಟ್ಟಿದ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಪರಂಪರೆಯೇ ಇದೆ. ಉದ್ದ ಲೆನ್ಸುಗಳು ಕೈಗೆ ಎಟುಕದಿದ್ದ, ಫಿಲ್ಮಿಗೆ ಹೆಚ್ಚು ಬೆಳಕು ಬೇಕಿದ್ದ ಆ ಕಾಲದಲ್ಲಿ, ಹಕ್ಕಿ ಖಂಡಿತವಾಗಿ ಬಂದು ಕೂರುವ ಜಾಗವೆಂದರೆ ಗೂಡು ಎಂಬ ಕಾರಣದಿಂದ ಮರೆ ಕಟ್ಟಿ ಗೂಡಿನ ಚಿತ್ರ ತೆಗೆಯುವುದು ಎಲ್ಲೆಡೆ ರೂಢಿಯಲ್ಲಿತ್ತು. ಆಗ ಒಂದು ಕಾಡಿಗೆ ವರ್ಷಕ್ಕೆ ಒಬ್ಬರೋ ಇಬ್ಬರೋ ಹೋಗುತ್ತಿದ್ದರು. ಈಗ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ನನ್ನ ಅಭಿಪ್ರಾಯ ಇಷ್ಟು: ಆ ಚಿತ್ರವನ್ನು ಮನೆಯಲ್ಲಿಡಿ, ಇಲ್ಲವೇ ಮಳೆ ಹಿಡಿದು ಮರಿ ಹೊರಬಂದ ಎಷ್ಟೋ ದಿನಗಳ ಮೇಲೆ, ಜಾಗದ ಗುರುತು ತೆಗೆದು ತೋರಿಸಿ.

ಬಯಲುಸೀಮೆ

ಕಾಡುಹಾದಿಯವರ ಕಾಳಜಿಯನ್ನು ಗೌರವಿಸುತ್ತಲೇ ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ನಾನು ಮದ್ದೂರಿನ ಕಡೆಯವನು. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಯ ಹಿತ್ತಿಲ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಊರಿನ ಹಿರಿಯರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ಕೆಳಗೆ ಎತ್ತಿನ ಗಾಡಿ ಹೋಗುತ್ತದೆ, ಮಕ್ಕಳು ಗೋಲಿ ಆಡುತ್ತಾರೆ, ಮೇಲೆ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲಿಗೆ ತಲೆ ತೂರಿಸಿ ಮೀನು ತಿನ್ನುತ್ತಿರುತ್ತದೆ. ಅಲ್ಲಿನ ಗೂಡಿನ ಚಿತ್ರವನ್ನು ಯಾರೂ ತೋರಿಸಬಾರದೆಂದರೆ ನಾನು ಒಪ್ಪಲಾರೆ. ಜನ ಆ ಚಿತ್ರಗಳನ್ನು ನೋಡಿ ಊರಿಗೆ ಬಂದರು, ಊರಿನವರಿಗೆ ತಮ್ಮ ಹಕ್ಕಿಗಳ ಬಗ್ಗೆ ಹೆಮ್ಮೆ ಇನ್ನಷ್ಟು ಬೆಳೆಯಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು.

ರಂಗನತಿಟ್ಟಿನ ಕಥೆಯೂ ಹಾಗೆಯೇ. ಪಕ್ಷಿತಜ್ಞ ಸಲೀಂ ಅಲಿಯವರು ಕಂಡು, ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ನೋಡಿದವರು ನೋಡದವರಿಗೆ ತೋರಿಸದೆ ಹೋಗಿದ್ದರೆ ಕಾವೇರಿಯ ಆ ಸಣ್ಣ ತಿಟ್ಟುಗಳು ಉಳಿಯುತ್ತಿದ್ದವೇ ಎಂದು ನಾನು ಯೋಚಿಸುತ್ತೇನೆ. ನನ್ನ ಮಗಳು ಮೊದಲ ಬಾರಿ ಬಾಯ್ಕಳಕ ಕೊಕ್ಕರೆಯನ್ನು ಗುರುತಿಸಿದ್ದು ದೋಣಿಯಲ್ಲಿ ಅಲ್ಲ, ನನ್ನ ತಂಗಿ ಕಳುಹಿಸಿದ ಪ್ರವಾಸದ ಚಿತ್ರದಲ್ಲಿ.

ಕಾಡುಹಾದಿ

ಬಯಲುಸೀಮೆಯವರೇ, ನೀವು ಹೇಳಿದ ಎರಡೂ ಜಾಗಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗೆ ಜನ ಹೊಸಬರಲ್ಲ, ಜೊತೆಗೆ ಅಲ್ಲಿ ಒಂದು ಊರೇ ಕಾವಲಿದೆ. ರಂಗನತಿಟ್ಟಿನಲ್ಲಿ ದೋಣಿಯೂ ಕಾವಲುಗಾರರೂ ಇದ್ದಾರೆ. ಕಾಡಿನ ನಡುವಿನ ಒಂಟಿ ಮರಕ್ಕೆ ಅಂಥವರು ಯಾರೂ ಇಲ್ಲ. ಹಾಗೆಯೇ ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿ ನಕ್ಷತ್ರ ಆಮೆ ಕಂಡು, ಚಿತ್ರದ ಜೊತೆ ಜಾಗವನ್ನೂ ಬರೆದರೆ, ಅದನ್ನು ಓದುವವರಲ್ಲಿ ಹಿಡಿದು ಮಾರುವವರೂ ಇರಬಹುದು. ಸಾಕುವ ಚಟಕ್ಕಾಗಿ ಆ ಆಮೆಗಳನ್ನು ಎಷ್ಟು ಕದ್ದು ಸಾಗಿಸುತ್ತಿದ್ದಾರೆಂದರೆ, 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿರ್ಬಂಧಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಅವುಗಳನ್ನು ಸೇರಿಸಬೇಕಾಯಿತು. ಜಾಗವನ್ನು 'ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಕಾಡು' ಎಂದು ಬರೆದರೆ ನೋಡುವವರಿಗೆ ಏನೂ ಕಡಿಮೆಯಾಗುವುದಿಲ್ಲ.

ತುಂಗಾತೀರ

ನನಗೆ ಮನಸ್ಸಿಗೆ ತುಂಬ ನೋವಾಗಿರುವ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ನಿಮ್ಮ ಬರಹ ಓದಿದ ಕೂಡಲೇ ನಾನು ಮೊಬೈಲಿನಲ್ಲಿ ಆ ಚಿತ್ರದ ವಿವರವನ್ನು ತೆರೆದು ನೋಡಿದೆ. ಭೂಪಟದ ಮೇಲೆ ಕೆಂಪು ಗುರುತು ನೇರವಾಗಿ ಆ ಮರವಿರುವ ತಿರುವಿನ ಮೇಲೆಯೇ ಕುಳಿತಿತ್ತು. ಪ್ರವಾಸದಿಂದ ಬಂದ ರಾತ್ರಿಯೇ ನಾನು ಅದನ್ನು ಮೂರು ಗುಂಪುಗಳಿಗೆ, ಅದೂ ಚೆನ್ನಾಗಿ ಕಾಣಲೆಂದು ಡಾಕ್ಯುಮೆಂಟ್ ಆಗಿಯೇ ಕಳುಹಿಸಿದ್ದೆ. ಎರಡು ಗುಂಪುಗಳಲ್ಲಿ ಮನೆಯವರೇ ಇದ್ದಾರೆ. ಮೂರನೆಯದು ನಾವು ತಂಗಿದ್ದ ಮನೆಯವರು ಪ್ರವಾಸಿಗರಿಗಾಗಿ ಮಾಡಿದ್ದು, ಅದರಲ್ಲಿ ನನಗೆ ಪರಿಚಯವಿಲ್ಲದ ಇನ್ನೂರು ಜನರಿದ್ದಾರೆ. ಅಳಿಸಲು ಹೋದರೆ ಎಲ್ಲರಿಗೂ ಅಳಿಸುವ ಅವಕಾಶದ ಅವಧಿ ಮುಗಿದಿತ್ತು. ಗುಂಪು ನಡೆಸುವವರಿಗೆ ಬರೆದು ಕೇಳಿಕೊಂಡೆ, ಅವರು ಅಳಿಸಿದರು. ಅಷ್ಟರಲ್ಲಿ ಯಾರು ಇಳಿಸಿಕೊಂಡಿದ್ದಾರೋ ತಿಳಿಯುವ ದಾರಿಯಿಲ್ಲ. ಆ ಮರದ ಬಳಿ ನಾವು ನಿಂತದ್ದು 20 ನಿಮಿಷ. ಗೂಡಿಗೆ ಇಳಿಯುವ ಮೊದಲು ಗಂಡು ಹಕ್ಕಿ ಬಹಳ ಹೊತ್ತು ಎದುರಿನ ಮರದಲ್ಲಿ ಕುಳಿತಿದ್ದುದನ್ನು ನಾನು ಹಕ್ಕಿಯ ಗಾಂಭೀರ್ಯವೆಂದು ತಿಳಿದಿದ್ದೆ.

ಕಡಲಾಚೆ

ನಾನು ಎಂಟು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ನಿಮ್ಮ ಮಗಳ ಚಿತ್ರದ ಬಗ್ಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದು. ನನ್ನ ಮಗನನ್ನು ಇಲ್ಲಿನ ಶಿಶುವಿಹಾರಕ್ಕೆ ಸೇರಿಸಿದ ಮೊದಲ ದಿನವೇ ಕಾಗದವೊಂದನ್ನು ಕೊಟ್ಟರು. ಮಗುವಿನ ಚಿತ್ರವನ್ನು ಗೋಡೆಗೆ ಅಂಟಿಸಬಹುದೇ, ಇತರ ತಂದೆತಾಯಿಯರಿಗೆ ಕೊಡಬಹುದೇ, ಅಂತರಜಾಲದಲ್ಲಿ ಹಾಕಬಹುದೇ ಎಂದು ಮೂರು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಸಹಿ ಕೇಳಿದ್ದರು. ಊರಿನಲ್ಲಿ ಬೆಳೆದ ನನಗೆ ಅಂದು ಅದು ಅತಿಯೆನಿಸಿತ್ತು. ಆಮೇಲೆ ತಿಳಿಯಿತು, ವ್ಯಕ್ತಿಯ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಂಚಬಾರದೆಂಬ ಕಾನೂನು ಇಲ್ಲಿ 1907ರಿಂದಲೇ ಇದೆ. ತೀರಿಕೊಂಡವರ ಚಿತ್ರಕ್ಕೂ ಹತ್ತು ವರ್ಷಗಳ ಕಾಲ ಮನೆಯವರ ಒಪ್ಪಿಗೆ ಬೇಕು. ಮಕ್ಕಳ ಚಿತ್ರಗಳ ವಿಷಯದಲ್ಲಿ ತಂದೆತಾಯಿಯರ ಹೊಣೆಯನ್ನು ಸ್ಪಷ್ಟಪಡಿಸುವ ಕಾನೂನನ್ನು ಫ್ರಾನ್ಸ್ 2024ರಲ್ಲಿ ಮಾಡಿತು.

ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರನ್ನು ಮಕ್ಕಳೆಂದು ಕರೆದು, ಅವರ ಮಾಹಿತಿ ಬಳಸುವ ಸಂಸ್ಥೆಗಳು ತಂದೆತಾಯಿಯರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಡುವುದಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ತಾಯಿಯಾದ ನೀವು ಮಗಳ ಚಿತ್ರವನ್ನು ನೆಂಟರಿಗೆ ಕಳುಹಿಸುವಾಗ ನಿಮ್ಮನ್ನು ತಡೆಯಬಲ್ಲವಳು ಮಗಳೊಬ್ಬಳೇ, ಅವಳಾಗಲೇ ಬೇಡವೆಂದಿದ್ದಾಳೆ. ನನಗೆ ಇದರಲ್ಲಿ ಎರಡನೆಯ ಮಾತಿಲ್ಲ. ಚಿತ್ರ ಎಷ್ಟೇ ಚೆನ್ನಾಗಿರಲಿ, ಒದ್ದೆ ಬಟ್ಟೆಯಲ್ಲಿರುವ 11 ವರ್ಷದ ಹುಡುಗಿ ತನ್ನ ತರಗತಿಯವರು ಅದನ್ನು ನೋಡುವುದನ್ನು ಬಯಸದಿರುವುದು ಸಹಜ.

ಅಜ್ಜಿ ತಾತಂದಿರ ಕಡೆಯಿಂದಲೂ ಒಂದು ಮಾತು ಹೇಳಬೇಕು. ನನ್ನ ತಾಯಿ ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ಮೊಮ್ಮಗನ ಚಿತ್ರ ಬರುವುದು ಒಂದು ದಿನ ತಡವಾದರೂ ಅವರಿಗೆ ಆ ದಿನ ಸಪ್ಪೆ. ಹಂಚಬೇಡಿ ಎಂದು ನಾನು ಹೇಳುತ್ತಿಲ್ಲ. ಅಮ್ಮನಿಗೆ ಒಬ್ಬರಿಗೇ ನಾನು ಎಲ್ಲವನ್ನೂ ಕಳುಹಿಸುತ್ತೇನೆ, ದೊಡ್ಡ ಗುಂಪಿಗೆ ಮಗ ಆರಿಸಿ ಕೊಟ್ಟದ್ದನ್ನು ಮಾತ್ರ. ಅವನಿಗೆ ಈಗ ಆರು ವರ್ಷ, ಆದರೂ ತಾನು ಮರ ಹತ್ತಿದ ಚಿತ್ರವನ್ನೇ ಆರಿಸುತ್ತಾನೆ, ಕೇಕಿನ ಮುಂದೆ ನಿಂತದ್ದನ್ನಲ್ಲ.

ಹಳೆಯ ರೀಲು

ನಮ್ಮ ತಂದೆಯವರು ಮಲೆನಾಡಿನ ಪೇಟೆಯೊಂದರಲ್ಲಿ 40 ವರ್ಷ ಸ್ಟುಡಿಯೊ ನಡೆಸಿದವರು. ಡಾರ್ಕ್ ರೂಮಿನ ಕೆಂಪು ದೀಪದ ಕೆಳಗೆ, ಪಟ ತೊಳೆಯುವ ಹೈಪೊ ದ್ರಾವಣದ ವಾಸನೆಯಲ್ಲಿ ಬೆಳೆದವನು ನಾನು. ಮೊದಲು ಅವಸರದ ಮಾತು: ಗಾಜಿಗೆ ಕಚ್ಚಿದ ಪಟವನ್ನು ದಯವಿಟ್ಟು ಕೀಳಬೇಡಿ. ಪಟದ ಮೇಲಿನ ಪದರ ಜೆಲಟಿನ್, ಅದು ಮಳೆಗಾಲದ ತೇವಕ್ಕೆ ಮೆದುವಾಗಿ ಗಾಜಿಗೆ ಅಂಟುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲಿ ಉಳಿಯುತ್ತದೆ. ನೀರಿನಲ್ಲಿ ನೆನೆಸಿ ಬಿಡಿಸುವ ಉಪಾಯವನ್ನು ಯಾರಾದರೂ ಹೇಳಿಯಾರು, ಮನೆಯಲ್ಲಿ ಅದನ್ನು ಮಾಡಲು ಹೋಗಿ ಪಟ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಗಾಜಿನ ಸಮೇತವೇ ಅದರ ಪ್ರತಿ ತೆಗೆಯಿರಿ. ಪಟವನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಸಮನಾದ ಬೆಳಕು ಬೀಳಿಸಿ, ಕ್ಯಾಮೆರಾದ ಲೆನ್ಸ್ ಹೊರಗೆ ಕಾಣುವಷ್ಟು ತೂತಿರುವ ಕಪ್ಪು ಬಟ್ಟೆಯನ್ನು ಮುಂದೆ ಹಿಡಿದರೆ ಗಾಜಿನಲ್ಲಿ ನಿಮ್ಮ ನೆರಳು ಮೂಡುವುದಿಲ್ಲ.

ಅದಕ್ಕಿಂತ ಮೊದಲು ಅಜ್ಜನ ಟ್ರಂಕನ್ನು ಹುಡುಕಿ. ಕ್ಲಿಕ್ ಕ್ಯಾಮೆರಾಕ್ಕೆ 120 ಫಿಲ್ಮ್ ಹಾಕುತ್ತಿದ್ದರು, ಒಂದು ರೀಲಿಗೆ ಹನ್ನೆರಡೇ ಚಿತ್ರ. ಸ್ಟುಡಿಯೊದವರು ನೆಗೆಟಿವ್‌ಗಳನ್ನು ಖಾಕಿ ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು. ಸುಮಾರು 6 ಸೆಂಟಿಮೀಟರ್ ಚೌಕದ ಆ ನೆಗೆಟಿವ್ ಒಂದು ಸಿಕ್ಕರೂ ಗೋಡೆಯ ಪಟಕ್ಕಿಂತ ಹೆಚ್ಚು ವಿವರ ಅದರಲ್ಲಿರುತ್ತದೆ. ಮನೆಯಲ್ಲಿ ಇತರ ಹಳೆಯ ಪಟಗಳಿದ್ದರೆ ಅವುಗಳನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿಸಿ. ನಾಲ್ಕು ಇಂಚು ಆರು ಇಂಚಿನ ಪಟಕ್ಕೆ ಆಗ 2400ಕ್ಕೆ 3600 ಚುಕ್ಕೆಗಳು ಸಿಗುತ್ತವೆ, ದೊಡ್ಡದಾಗಿ ಅಚ್ಚು ಹಾಕಿಸಲೂ ಸಾಕು. ಎಂಬತ್ತರ ದಶಕದ ಬಣ್ಣದ ಪಟಗಳನ್ನು ಮೊದಲು ಮಾಡಿಸಿ, ಕಪ್ಪುಬಿಳುಪನ್ನು ಆಮೇಲೆ. ಬೆಳ್ಳಿಯಿಂದ ಮೂಡಿದ ಕಪ್ಪುಬಿಳುಪು ಪಟ ಅಜ್ಜಿಯ ಕಾಲದಿಂದ ಹಾಗೆಯೇ ನಿಂತಿರುತ್ತದೆ. ಬಣ್ಣದ ಪಟದಲ್ಲಿ ನೀಲಿ ಹಸಿರಿನ ಬಣ್ಣ ಮೊದಲು ಮಾಸಿ ಮದುವೆಯ ಚಪ್ಪರವೆಲ್ಲ ಕೆಂಪಗಾಗಿರುತ್ತದೆ. ಅಂಟುಹಾಳೆಯ ಆಲ್ಬಂಗಳಲ್ಲಿರುವುದನ್ನಂತೂ ಕೂಡಲೇ ಹೊರತೆಗೆಯಿರಿ.

ಇನ್ನು ನನಗೆ ಮನಸ್ಸಿಗೆ ನಾಟಿದ ಮಾತು. ಪಟದ ಹಿಂದೆ 'ಮನೆಯವರು ಮತ್ತು ಮಕ್ಕಳು' ಎಂದಿದೆ ಎಂದಿರಿ. ತಂದೆಯವರ ಸ್ಟುಡಿಯೊದ ದಾಖಲೆ ಪುಸ್ತಕಗಳಲ್ಲೂ ಹಾಗೆಯೇ ಇದೆ. ಗಂಡಸರ ಹೆಸರು, ಮನೆತನ, ಊರು ಎಲ್ಲ ಇರುತ್ತದೆ. ಹೆಂಗಸರು 'ಕುಟುಂಬ', 'ಮನೆಯವರು', 'ತಾಯಿ'. ಹೀಗೆ ಸಾವಿರಾರು ಮುಖಗಳು ಹೆಸರಿಲ್ಲದೆ ಉಳಿದಿವೆ. ನಿಮ್ಮ ಅಮ್ಮನವರು ಜೊತೆಗಿರುವಾಗಲೇ ಐದೂ ಜನರ ಹೆಸರು ಬರೆಸಿಕೊಳ್ಳಿ. ಟಿಫಿನ್ ಕ್ಯಾರಿಯರ್ ಹಿಡಿದ ತರುಣಿ ಯಾರು?

ಅಡಿಕೆತೋಟ

ಹಳೆಯ ರೀಲು ಅವರಿಗೆ ಒಂದು ಪ್ರಶ್ನೆ. ಹೆಸರನ್ನು ಪಟದ ಹಿಂದೆಯೇ ಬರೆಯಬಹುದೇ? ನಮ್ಮ ಮನೆಯಲ್ಲಿ ಬಾಲ್‌ಪೆನ್ನಿನಿಂದ ಬರೆದದ್ದು ಮುಂದಿನ ಮುಖಗಳ ಮೇಲೆ ಗೀರಾಗಿ ಮೂಡಿದೆ. ಮೊಬೈಲಿನ ಚಿತ್ರಗಳಿಗಾದರೆ ಏನು ಮಾಡಬೇಕು?

ಹಳೆಯ ರೀಲು

ಹಳೆಯ ನಾರುಕಾಗದದ ಪಟವಾದರೆ ಮೆತ್ತನೆಯ ಪೆನ್ಸಿಲ್‌ನಿಂದ, ಗಟ್ಟಿ ಮೇಜಿನ ಮೇಲಿಟ್ಟು, ಒತ್ತದೆ, ಅಂಚಿನಲ್ಲಿ ಬರೆಯಿರಿ. ಎಂಬತ್ತರ ಈಚಿನ ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಅದಕ್ಕೆ ಬೇರೆ ಚೀಟಿಯಲ್ಲಿ ಬರೆದು ಪಟದೊಂದಿಗೆ ಲಕೋಟೆಯಲ್ಲಿಡಿ. ಡಿಜಿಟಲ್ ಚಿತ್ರದ ಕಡತದಲ್ಲಿ ವಿವರಣೆ ಬರೆಯಲು ಜಾಗವಿರುತ್ತದೆ, ಕನ್ನಡದಲ್ಲಿಯೇ ಬರೆಯಬಹುದು. ಕಾಡುಹಾದಿಯವರು ತೆಗೆಯಿರಿ ಎಂದ ಜಾಗದ ಗುರುತು ಇರುವುದು ಆ ಕಡತದಲ್ಲಿಯೇ, ನಾನು ಬರೆಯಿರಿ ಎನ್ನುವ ಹೆಸರೂ ಅಲ್ಲಿಯೇ. ಆದುದರಿಂದ ಮನೆಯಲ್ಲಿ ಉಳಿಸುವ ಪ್ರತಿಯಲ್ಲಿ ಎಲ್ಲವನ್ನೂ ಬರೆದಿಡಿ, ಹೊರಗೆ ಕಳುಹಿಸುವ ಪ್ರತಿಯಲ್ಲಿ ಎಲ್ಲವನ್ನೂ ತೆಗೆಯಿರಿ. ಗುಂಪಿನಲ್ಲಿ ಬಂದ ಚಿತ್ರವನ್ನೇ ಮೂಲವೆಂದು ಇಟ್ಟುಕೊಳ್ಳಬೇಡಿ, ಅದು ಕುಗ್ಗಿದ ನಕಲು.

ಅಂಗಳದ ತುಳಸಿ

ನಿದ್ದೆಹೋದ ತಂದೆಯವರ ಚಿತ್ರದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ, ನೋಡಲು ಬಂದ ಹತ್ತಿರದ ನೆಂಟರೊಬ್ಬರು ಅವರ ಚಿತ್ರ ತೆಗೆದು, ಬೇಗ ಗುಣವಾಗಲೆಂಬ ಹಾರೈಕೆಯ ಜೊತೆ ಗುಂಪಿಗೆ ಕಳುಹಿಸಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಜೀವನವಿಡೀ ಇಸ್ತ್ರಿಯ ಅಂಗಿ ತೊಟ್ಟು, ಕನ್ನಡಿಯ ಮುಂದೆ ಕ್ರಾಪು ತೀಡಿಯೇ ಹೊಸ್ತಿಲು ದಾಟುತ್ತಿದ್ದ ಮನುಷ್ಯ ಅವರು. ಮೂಗಿನಲ್ಲಿ ನಳಿಕೆ, ನಾಲ್ಕು ದಿನದ ಬಿಳಿ ಗಡ್ಡ, ಗುಂಡಿ ಬಿಚ್ಚಿದ ಆಸ್ಪತ್ರೆಯ ಅಂಗಿ, ಹೀಗೆ ಅವರನ್ನು ಊರೆಲ್ಲ ನೋಡಿತು. ಅವರು ತೀರಿಕೊಂಡ ಮೇಲೆ ಕೆಲವರ ಮೊಬೈಲಿನಲ್ಲಿ ಉಳಿದ ಅವರ ಕೊನೆಯ ಚಿತ್ರ ಅದೇ.

ನಿಮ್ಮ ಚಿತ್ರ ಅಂಥದ್ದಲ್ಲ ಎಂದು ಗೊತ್ತು. ಜಾರಿದ ಚಪ್ಪಲಿ, ತೊಡೆಯ ಮೇಲಿನ ಊರುಗೋಲು, ಊಟದ ನಂತರದ ಗಾಢ ನಿದ್ದೆ, ಇವುಗಳಲ್ಲಿ ಪ್ರೀತಿಯೇ ಕಾಣುತ್ತದೆ. ಆದರೂ ನಿದ್ದೆಯಲ್ಲಿದ್ದವರಿಗೆ ಕ್ಯಾಮೆರಾ ಕಂಡಿರುವುದಿಲ್ಲ. ಅವರನ್ನು ಕೇಳಲು ಈಗ ನಿಮಗೆ ಅವಕಾಶವಿದೆ. ಚಿತ್ರವನ್ನು ಅವರ ಕೈಗೆ ಕೊಟ್ಟು, ದೊಡ್ಡದಾಗಿ ತೋರಿಸಿ ಕೇಳಿ.

ಬಯಲುಸೀಮೆ

ಅಂಗಳದ ತುಳಸಿಯವರ ಬರಹ ಓದಿ, ನಾನು ಕಳೆದ ದೀಪಾವಳಿಯಲ್ಲಿ ಹಾಕಿದ್ದ ಎರಡು ಚಿತ್ರಗಳನ್ನು ತೆಗೆದೆ. ಹಾಸಿಗೆ ಹಿಡಿದಿರುವ ದೊಡ್ಡಪ್ಪನಿಗೆ ಆರತಿ ಮಾಡುತ್ತಿದ್ದ ಚಿತ್ರಗಳವು. ಗೂಡಿನ ವಿಷಯದಲ್ಲೂ ಕಾಡುಹಾದಿಯವರು ಮಾಡಿದ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೆ ಚಿತ್ರ ಹಂಚುವುದನ್ನೇ ಬಿಡಬೇಕೆಂಬ ಭಯ ಯಾರಲ್ಲೂ ಹುಟ್ಟಬಾರದೆಂಬುದು ಈಗಲೂ ನನ್ನ ಮನಸ್ಸು. ತುಂಗಾತೀರ ಅವರೇ, ಜೋಗದ ಎರಡು ಚಿತ್ರಗಳನ್ನು ಖಂಡಿತ ತೋರಿಸಿ. ತುಂಬಿದ ರಾಜ, ರಾಣಿ, ರೋರರ್, ರಾಕೆಟ್‌ಗಳ ಮುಂದೆ ಅಜ್ಜಿಯವರು ನಿಂತಿರುವುದನ್ನೂ, ಬೇಸಗೆಯ ಬಂಡೆಯ ಮುಂದೆ ನೀವು ನಿಂತಿರುವುದನ್ನೂ ನೋಡಬೇಕೆಂದು ನನಗೆ ನಿಜವಾಗಿಯೂ ಆಸೆಯಿದೆ.

ತುಂಗಾತೀರ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಮಗಳು ತನ್ನದಾಗಿ ಬೇರೆ ಚಿತ್ರ ಆರಿಸಿದಳು. ಬೆನ್ನು ತಿರುಗಿಸಿ ನದಿಗೆ ಕಲ್ಲು ಎಸೆಯುತ್ತಿರುವುದು, ಕಲ್ಲು ಇನ್ನೂ ಗಾಳಿಯಲ್ಲಿದೆ. ನಾನು ಇಷ್ಟಪಟ್ಟಿದ್ದ ನಗುವಿನ ಚಿತ್ರವನ್ನು ಅಚ್ಚು ಹಾಕಿಸಿ ಅವಳ ಕೈಗೇ ಕೊಟ್ಟೆ, ಅದನ್ನವಳು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ತಂದೆಯವರಿಗೆ ಅವರ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ, 'ಇದು ನಮ್ಮಪ್ಪ ಕೂತ ಹಾಗೇ ಇದೆ' ಎಂದರು. ಹಂಚಬಹುದೇ ಎಂದು ಕೇಳಿದ್ದಕ್ಕೆ, ತಂಗಿಯರಿಬ್ಬರಿಗೆ ಕಳುಹಿಸು, ಬೇರೆಯವರಿಗೆ ಬೇಡ ಎಂದರು. ಹಾಗೆಯೇ ಮಾಡಿದೆ. ಮಂಗಟ್ಟೆಯ ಚಿತ್ರ ನನ್ನ ಬಳಿಯೇ ಇದೆ. ಮುಂದಿನ ಬೇಸಗೆಯಲ್ಲಿ ಆ ಮರದ ಕಡೆಗೆ ನಾವು ಹೋಗುವುದಿಲ್ಲ.

ಅಜ್ಜನ ಟ್ರಂಕಿನಲ್ಲಿ ಖಾಕಿ ಲಕೋಟೆ ಸಿಕ್ಕಿತು. ಹನ್ನೆರಡರಲ್ಲಿ ಒಂಬತ್ತು ನೆಗೆಟಿವ್‌ಗಳು ತೇವಕ್ಕೆ ಒಂದಕ್ಕೊಂದು ಅಂಟಿ ಗಟ್ಟಿಯಾಗಿವೆ, ಮೂರು ಬಿಡಿಯಾಗಿವೆ. ಕಿಟಕಿಯ ಬೆಳಕಿಗೆ ಹಿಡಿದಾಗ ಅವುಗಳಲ್ಲಿ ಒಂದರಲ್ಲಿ ಟಿಫಿನ್ ಕ್ಯಾರಿಯರ್‌ನ ತರುಣಿ ಮತ್ತು ಅಮ್ಮ ಇಬ್ಬರೇ ಇದ್ದರು, ಅವಳು ಕಟ್ಟೆಯ ಮೇಲೆ ಕುಳಿತು ಅಮ್ಮನ ಜಡೆ ಹೆಣೆಯುತ್ತಿದ್ದಳು. ಅಮ್ಮನಿಗೆ ಆಗ ಏಳು ವರ್ಷ, ಅವಳ ಹೆಸರು ನೆನಪಿರಲಿಲ್ಲ. ಸಾಗರದಲ್ಲಿರುವ, 84 ತುಂಬಿದ ದೊಡ್ಡಜ್ಜಿಗೆ ಫೋನ್ ಮಾಡಿ ಜಡೆ ಹೆಣೆಯುವ ವಿಷಯ ಹೇಳುತ್ತಿದ್ದಂತೆಯೇ, ಅವರು ತಡೆಯದೆ ಹೆಸರು ಹೇಳಿದರು. ಕೊನೆಯ ಮಾವನ ಬಾಣಂತನಕ್ಕೆ ನೆರವಾಗಲು ಬಂದು ಮೂರು ವರ್ಷ ಮನೆಯಲ್ಲಿದ್ದವಳಂತೆ, ಆಮೇಲೆ ಸೊರಬದ ಕಡೆ ಮದುವೆಯಾಗಿ ಹೋದಳಂತೆ. ಹಳೆಯ ರೀಲು ಅವರು ಹೇಳಿದಂತೆ ಮಗಳು ಮೆತ್ತನೆಯ ಪೆನ್ಸಿಲ್ ತಂದು, ಅಜ್ಜ ಬರೆದ 'ಮನೆಯವರು ಮತ್ತು ಮಕ್ಕಳು' ಎಂಬುದರ ಕೆಳಗೆ ಐದು ಹೆಸರುಗಳನ್ನು ಬರೆದಳು, ಅಜ್ಜಿಯದು ಮೊದಲು. ಜೋಗದ ಎರಡು ಚಿತ್ರಗಳನ್ನು ನಾಳೆ ಇಲ್ಲಿ ಹಾಕುತ್ತೇನೆ. ಸೊರಬದ ವಿಳಾಸವನ್ನು ದೊಡ್ಡಜ್ಜಿ ಹುಡುಕಿಸುತ್ತಿದ್ದಾರೆ, ಸಿಕ್ಕರೆ ಜಡೆಯ ಚಿತ್ರದ ಒಂದು ಪ್ರತಿಯನ್ನು ಆ ಮನೆಗೆ ತಲುಪಿಸಬೇಕು.